ಇದ್ದಿಲು ತುಂಬುವ ತನಕ

ಹೋದ ತಿಂಗಳು ಮೈಸೂರಿನಿಂದ ಬರುತ್ತಿದ್ದಾಗ ನಮ್ಮ ರೈಲು ರಾಮನಗರದಲ್ಲಿ ಹೆಚ್ಚು ಹೊತ್ತು ನಿಂತಿತು. ಎಂಜಿನ್ನಿಗೆ ಏನೋ ಆಗಿದೆ ಎಂದರು. ಗಾಳಿ ಊರ ಕಡೆಯಿಂದ ಬೀಸುತ್ತಿತ್ತು. ರೇಷ್ಮೆಗೂಡು ಬೇಯುವ ವಾಸನೆ ಡಬ್ಬಿಯೊಳಗೆ ತುಂಬಿಕೊಂಡಿತು. ಎದುರು ಕುಳಿತಿದ್ದ ಹಿರಿಯರು ಶಲ್ಯದ ತುದಿಯಿಂದ ಮೂಗು ಮುಚ್ಚಿಕೊಂಡು, "ಈ ನಾತದಲ್ಲಿ ಜನ ಹೇಗಾದರೂ ಬದುಕ್ತಾರೋ" ಎಂದರು. ಆ ವಾಸನೆಯಲ್ಲಿ ನಾನು ಒಂದು ಇಡೀ ಬೇಸಿಗೆ ಕಳೆದವನು. ಮುಂದಿನ ರೈಲು ಸಂಜೆಗೆ ಇತ್ತು. ಕೈಚೀಲ ಎತ್ತಿಕೊಂಡು ಇಳಿದುಬಿಟ್ಟೆ.

ಅದು ನಲವತ್ತು ವರ್ಷದ ಹಿಂದಿನ ಮಾತು. ಆಗ ಊರಿಗೆ ಕ್ಲೋಸ್‌ಪೇಟೆ ಎಂಬ ಹೆಸರು. ಕನಕಪುರವನ್ನು ಕಾನಕಾನಹಳ್ಳಿ ಎನ್ನುತ್ತಿದ್ದರು. ಮೊದಲ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇತ್ತು. ನಾನು ಬೆಂಗಳೂರಿನ ಒಂದು ಕನ್ನಡ ವಾರಪತ್ರಿಕೆಗೆ ಸೇರಿ ಎರಡನೆಯ ವರ್ಷ. ಅರ್ಕಾವತಿಗೆ ಒಂದು ಹೊಸ ಸೇತುವೆ ಕಟ್ಟುವ ಮಾತು ನಡೆದಿತ್ತು. ಅದರ ಕಂಬಗಳಿಗೆ ಇಲ್ಲಿಯ ಬಂಡೆಯ ಕಲ್ಲು ತಡೆದೀತೇ ಎಂದು ಪರೀಕ್ಷಿಸಲು ಸರ್ಕಾರದವರು ಸುಬ್ಬಯ್ಯ ಎಂಬ ತರುಣರನ್ನು ಕಳುಹಿಸಿದ್ದರು. ಅದನ್ನು ವರದಿ ಮಾಡಲು ಪತ್ರಿಕೆ ನನ್ನನ್ನು ಕಳುಹಿಸಿತು.

ಹೊರಡುವ ಮುನ್ನ ಸಂಪಾದಕರು ಮೂರು ಮಾತು ಹೇಳಿದ್ದರು: ಕಂಡದ್ದನ್ನು ಬರಿ, ಅಂಕಣ ಮೀರಬೇಡ, ವರದಿಗೆ ಬಾಲ ಬಿಡಬೇಡ. ಬಾಲ ಎಂದರೆ ಅವರ ಭಾಷೆಯಲ್ಲಿ, ವಿಷಯ ಮುಗಿದ ಮೇಲೂ 'ಆದರೆ', 'ಒಂದು ವೇಳೆ', 'ಇನ್ನೂ ನೋಡಬೇಕಾಗಿದೆ' ಎಂದು ಎಳೆಯುವ ಸಾಲುಗಳು. ಬಾಲವಿರುವ ವರದಿಯನ್ನು ಅವರು ಕತ್ತರಿಸಿ, ಕತ್ತರಿಸಿದ ತುಂಡನ್ನು ಬರೆದವನ ಮೇಜಿನ ಮೇಲೆ ಇಟ್ಟುಹೋಗುತ್ತಿದ್ದರು. ಮೊದಲ ವರ್ಷ ನನ್ನ ಮೇಜಿನ ಮೇಲೆ ಅಂಥ ತುಂಡುಗಳು ಬಹಳ ಬಿದ್ದಿದ್ದವು. ಎರಡನೆಯ ವರ್ಷದ ಹೊತ್ತಿಗೆ ನಾನೇ ಕತ್ತರಿಸುವುದನ್ನು ಕಲಿತಿದ್ದೆ.

ಯುಗಾದಿ ಕಳೆದು ವಾರವಾಗಿತ್ತು. ನಿಲ್ದಾಣದ ಪಕ್ಕದಲ್ಲಿ ಒಂದು ತಗಡಿನ ಕೊಟ್ಟಿಗೆ. ಅದರೊಳಗೆ ಬೆಂಗಳೂರಿನಿಂದ ತಂದ ಒತ್ತುವ ಯಂತ್ರ. ಕಲ್ಲನ್ನು ಅಂಗೈಯಗಲದ ಘನಗಳಾಗಿ ಕೆತ್ತಿ, ಯಂತ್ರದ ಎರಡು ಕಬ್ಬಿಣದ ಫಲಕಗಳ ನಡುವೆ ಇಟ್ಟು, ತಿರುಪು ತಿರುಗಿಸುತ್ತಾ ಎಷ್ಟು ಭಾರಕ್ಕೆ ಒಡೆಯುತ್ತದೆ ಎಂದು ಬರೆದುಕೊಳ್ಳುವುದು ಸುಬ್ಬಯ್ಯನವರ ಕೆಲಸ. ಘನಗಳನ್ನು ಕೆತ್ತಿ ತರುತ್ತಿದ್ದವನು ಹನುಮಬೋವಿ. ಐವತ್ತು ದಾಟಿದ ಒಣಕಲು ಆಳು. ತಂದ ಕಲ್ಲುಗಳನ್ನು ಕೆಳಗಿಡುವಾಗ ಒಂದೊಂದನ್ನೂ ಸಣ್ಣ ಸುತ್ತಿಗೆಯಿಂದ ತಟ್ಟುವುದು ಅವನ ಅಭ್ಯಾಸ. ಮೊದಲ ದಿನವೇ ಒಂದು ಕಲ್ಲನ್ನು ತಟ್ಟಿ ಬದಿಗಿಟ್ಟ.

"ಬುದ್ದಿ, ಇದ್ನ ಒತ್ತಬ್ಯಾಡಿ. ಒಳಗೆ ಸೀಳೈತೆ."

"ಹೊರಗೆ ಏನೂ ಕಾಣ್ತಾ ಇಲ್ಲವಲ್ಲ. ನಿನಗೆ ಹೇಗೆ ಗೊತ್ತು?"

"ಅದೇ ಹೇಳ್ತೈತಲ್ಲ."

ಸುಬ್ಬಯ್ಯ ನಕ್ಕರು. "ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಇದ್ದೆನಪ್ಪ, ಒಂದು ಕಲ್ಲೂ ನನ್ನ ಹತ್ರ ಮಾತಾಡಲಿಲ್ಲ."

"ನೀವು ಕೇಳುದ್ರೆ ತಾನೆ."

ಸುಬ್ಬಯ್ಯ ಆ ಕಲ್ಲನ್ನೇ ಮೊದಲು ಯಂತ್ರಕ್ಕೆ ಕೊಟ್ಟರು. ಉಳಿದವು ತಡೆದುಕೊಂಡ ಭಾರದ ಅರ್ಧಕ್ಕೂ ಮುನ್ನ ಅದು ಓರೆಯಾಗಿ ಸೀಳಿ ಎರಡಾಯಿತು. ಅವರು ತುಂಡುಗಳನ್ನು ನೋಡಿ, ಪುಸ್ತಕದಲ್ಲಿ ಹೊಸ ಕಲಮೊಂದಕ್ಕೆ ಗೆರೆ ಎಳೆದು ಅದಕ್ಕೆ 'ಹನುಮನ ಮಾತು' ಎಂದು ತಲೆಬರಹ ಕೊಟ್ಟರು. ಆ ಬೇಸಿಗೆಯುದ್ದಕ್ಕೂ ಯಂತ್ರದ ಅಂಕಿಯ ಪಕ್ಕದಲ್ಲಿ ಆ ಕಲಮೂ ತುಂಬುತ್ತಾ ಹೋಯಿತು.

ಹನುಮಬೋವಿ ಬಂಡೆಯಿಂದ ಚಪ್ಪಡಿ ಎಬ್ಬಿಸುವುದನ್ನು ನೋಡಲು ನಾವಿಬ್ಬರೂ ಒಂದು ಬೆಳಿಗ್ಗೆ ಹೋಗಿದ್ದೆವು. ಸಿಡಿಮದ್ದು ಇಲ್ಲ, ದೊಡ್ಡ ಪೆಟ್ಟೂ ಇಲ್ಲ. ಹಾಸುಬಂಡೆಯ ಮೇಲೆ ಸೌದೆಯ ಕೆಂಡವನ್ನು ಸಾಲಾಗಿ ಹರಡಿ, ಮೇಲೆ ಬೂದಿ ಮುಚ್ಚುತ್ತಾನೆ. ಸ್ವಲ್ಪ ಹೊತ್ತಿಗೊಮ್ಮೆ ಕೆಂಡದ ಮುಂದಿನ ಕಲ್ಲನ್ನು ತಟ್ಟುತ್ತಾನೆ. ಗಟ್ಟಿ ಕಲ್ಲು ಠಣ್ಣೆನ್ನುತ್ತದೆ. ಕಾದ ಪದರ ತಳದಿಂದ ಬಿಟ್ಟುಕೊಂಡಾಗ ಶಬ್ದ ಮಂದವಾಗುತ್ತದೆ. ಆಗ "ಎದ್ದೈತೆ" ಎನ್ನುತ್ತಾನೆ. ಅವನ ಹೆಂಡತಿ ಸಲಿಕೆಯಿಂದ ಕೆಂಡದ ಸಾಲನ್ನು ಒಂದು ಗೇಣು ಮುಂದಕ್ಕೆ ತಳ್ಳುತ್ತಾಳೆ. ಹೀಗೆ ದಿನವಿಡೀ. ಸಂಜೆಯ ಹೊತ್ತಿಗೆ ಹಾಸಿಗೆಯಗಲದ ಕಲ್ಲು ಬಂಡೆಯ ಮೇಲೆ ಸಡಿಲವಾಗಿ ಮಲಗಿರುತ್ತದೆ.

"ಬೂದಿ ಯಾಕೆ ಮುಚ್ಚೋದು?" ಎಂದು ಸುಬ್ಬಯ್ಯ ಕೇಳಿದರು.

"ಜೋರಾಗಿ ಉರುದ್ರೆ ಮೇಲ್ಮೇಲೆ ಚಕ್ಕೆ ಹಾರ್ತೈತೆ ಬುದ್ದಿ, ಚಪ್ಪಡಿ ಚೂರಾಯ್ತದೆ. ಕಲ್ಲು ಮೆಲ್ಲಗೆ ಬೇಯ್ಬೇಕು."

ಇದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅದು ಮುಂದೆ ಯಾವುದಕ್ಕೆ ಬೇಕಾಗುತ್ತದೆ ಎಂಬುದು ಆಗ ಮೂವರಿಗೂ ಗೊತ್ತಿರಲಿಲ್ಲ.

ಬಾವಿಯ ವಿಚಾರ ಎದ್ದದ್ದು ಆ ವಾರವೇ. ಊರ ಕೆಳಗಿನ ಬೀದಿಗೆ ಒಂದೇ ಸೇದುವ ಬಾವಿ. ಅದರ ಮೇಲುಗಡೆ, ಕಲ್ಲಿನ ಏರಿನ ಮೇಲೆ ಹಲೀಮಾಬಿಯ ನೂಲು ತೆಗೆಯುವ ಮನೆ. ಹಲೀಮಾಬಿ ಗಂಡ ಸತ್ತ ಮೇಲೆ ತಾನೇ ಕೆಲಸ ನಡೆಸುತ್ತಿದ್ದ ಹೆಂಗಸು. ನಾಲ್ಕು ಒಲೆ, ನಾಲ್ಕು ಬಾಣಲೆ, ಎಂಟು ಜನ ಹೆಂಗಸರು. ಬಿಸಿನೀರಿನ ಬಾಣಲೆಯಲ್ಲಿ ಗೂಡು ಬೇಯಿಸಿ ಎಳೆ ತೆಗೆಯುತ್ತಿದ್ದರು. ಗೂಡು ಬೆಂದ ಕಂದು ನೀರು ಚರಂಡಿಯಲ್ಲಿ ಬಾವಿಯ ಪಕ್ಕದಿಂದಲೇ ಇಳಿದು ಹೋಗಬೇಕು. ಎರಡೂ ಕಡೆ ಬಂಡೆ, ಬೇರೆ ದಾರಿಯಿಲ್ಲ. ಆ ಬೇಸಿಗೆ ಬಾವಿಯ ನೀರು ತಳ ಕಂಡು, ಉಳಿದದ್ದು ಹಳದಿಯಾಗಿ ನಾರತೊಡಗಿತು. ಬೀದಿಯವರು ದೂರು ಕೊಟ್ಟರು. ಊರಿನ ನೈರ್ಮಲ್ಯ ಸಮಿತಿಯವರು ಒಬ್ಬ ಇನ್‌ಸ್ಪೆಕ್ಟರೊಂದಿಗೆ ಬಾವಿಯ ಬಳಿ ಬಂದರು. ಸುದ್ದಿಗಾಗಿ ನಾನೂ ಹೋದೆ.

ಬೀದಿಯ ಪರವಾಗಿ ಮಾತಿಗೆ ನಿಂತವಳು ಪುಟ್ಟಜ್ಜಿ. ಹಲ್ಲಿಲ್ಲ, ದನಿ ಮಾತ್ರ ದೊಡ್ಡದು.

"ಏ ಹಲೀಮಾಬಿ, ನಿನ್ ಹುಳದ ಸಾರು ನನ್ ಕೊಡಕ್ಕೆ ಬತ್ತೈತಲ್ಲಮ್ಮಿ. ಮುದ್ದೆ ಅದ್ಕೊಂಡ್ ತಿನ್ನಾನಾ?"

"ಅಜ್ಜಿ, ನಿನ್ನ ಮದ್ವೆ ಸೀರೆ ಯಾವ ನೀರಲ್ಲಿ ಹುಟ್ತು ಅಂದ್ಕೊಂಡೆ? ಪನ್ನೀರಲ್ಲಾ?"

"ನನ್ ಮದ್ವೇಗೆ ಯಾರವ್ವ ರೇಸ್ಮೆ ಕೊಟ್ರು? ಹತ್ತಿ ಸೀರೆ, ಅದೂ ನಮ್ಮಕ್ಕ ಉಟ್ಟು ಬುಟ್ಟಿದ್ದು."

ಕೊಡ ಹಿಡಿದು ನಿಂತಿದ್ದವರೆಲ್ಲ ನಕ್ಕರು. ಹಲೀಮಾಬಿಯೂ ನಕ್ಕಳು. ಇನ್‌ಸ್ಪೆಕ್ಟರು ನಗಲಿಲ್ಲ. ಬರುವ ಅಮಾವಾಸ್ಯೆಯೊಳಗೆ ಬಾವಿಯ ನೀರು ಶುದ್ಧವಾಗದಿದ್ದರೆ ನಾಲ್ಕೂ ಒಲೆಗಳಿಗೆ ಮುದ್ರೆ ಹಾಕುವುದಾಗಿ ಓದಿ ಹೇಳಿದರು. ಹಲೀಮಾಬಿಯ ನಗು ಅಲ್ಲಿಗೆ ನಿಂತಿತು. ಆ ಒಲೆಗಳ ಮುಂದೆ ಕೂರುವ ಎಂಟು ಜನರ ಪೈಕಿ ನಾಲ್ವರು ಅವಳಂತೆಯೇ ಗಂಡ ತೀರಿಕೊಂಡವರು. ಬೇರೆ ಕೆಲಸ ಯಾರಿಗೂ ತಿಳಿಯದು. ಅವಳು ನನ್ನ ಕಡೆ ತಿರುಗಿ, "ಏನ್ ಪೇಪರ್‌ನೋರೇ, ಬರ್ಕೊಂಡ್ರಾ? ನಮ್ಮ ಮನೆ ನಾತ ಬೆಂಗಳೂರಿನವರೆಗೂ ಹೋಗ್ಲಿ" ಎಂದಳು.

ನೀರು ಬಾವಿಗೆ ಹೇಗೆ ಹೋಗುತ್ತಿದೆ ಎಂಬುದನ್ನು ಕಂಡುಹಿಡಿದವನು ಹನುಮಬೋವಿ. ಚರಂಡಿಯುದ್ದಕ್ಕೂ ಸುತ್ತಿಗೆ ತಟ್ಟುತ್ತಾ ನಡೆದು ಒಂದು ಕಡೆ ನಿಂತ. "ಇಲ್ಲಿ ಪದರ ಬುಟ್ಟೈತೆ. ಕೆಳಗೆ ಪೊಳ್ಳು. ನೀರು ಇಲ್ಲಿಂದ ಇಳ್ದು ಸೀದಾ ಬಾವಿಗೋಯ್ತದೆ." ಮುಚ್ಚಿದರಾಗದೇ ಎಂದು ಕೇಳಿದೆ. "ಇಲ್ಲಿ ಮುಚ್ಚುದ್ರೆ ಅಲ್ಲಿ ಉಗೀತೈತೆ ಸೋಮಿ. ಬಂಡೆ ಒಳಗೆ ಎಲ್ಲೆಲ್ಲಿ ಬಿಟ್ಕೊಂಡೈತೋ ನಾ ಹೆಂಗ್ ಹೇಳ್ಲಿ." ಹಾಗಾದರೆ ನೀರು ಆ ಜಾಗಕ್ಕೆ ಬರುವ ಮೊದಲೇ ಶುದ್ಧವಾಗಬೇಕು ಎಂದರು ಸುಬ್ಬಯ್ಯ. ಅದು ಅವರಿಗೆ ಒಪ್ಪಿಸಿದ ಕೆಲಸವಲ್ಲ. ಆದರೂ ಕೈಹಾಕಿದರು.

ಹಲೀಮಾಬಿಯ ಜಗಲಿಯ ಮೇಲೆ ಮೂರು ಗಾಜಿನ ಲೋಟ ಇಟ್ಟು, ಮೂರಕ್ಕೂ ಬಾಣಲೆಯ ಕಂದು ನೀರು ಸುರಿದರು. ಒಂದಕ್ಕೆ ಬಂಡೆಯ ಕಲ್ಲಿನ ಪುಡಿ. ಇನ್ನೊಂದಕ್ಕೆ ನಿಲ್ದಾಣದಿಂದ ತಂದ, ಎಂಜಿನ್ನಿಗೆ ಹಾಕುವ ಕಲ್ಲಿದ್ದಲಿನ ಪುಡಿ. ಮೂರನೆಯದಕ್ಕೆ ಹನುಮಬೋವಿಯ ಬೆಂಕಿಯಲ್ಲಿ ಮಿಕ್ಕ ಸೌದೆಯ ಇದ್ದಿಲು. ಚೆನ್ನಾಗಿ ಕಲಕಿ ಬಟ್ಟೆಯಲ್ಲಿ ಸೋಸಿದರು. ಮೊದಲನೆಯದು ಹಾಗೇ ಇತ್ತು. ಎರಡನೆಯದೂ ಹೆಚ್ಚು ಬದಲಾಗಲಿಲ್ಲ. ಮೂರನೆಯದರ ಬಣ್ಣ ಹೋಗಿತ್ತು. ಹಲೀಮಾಬಿ ಆ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದಳು, ಮೂಸಿದಳು.

"ಕರೀ ಇದ್ದಿಲು ಹಾಕಿದ್ರೆ ನೀರು ಬೆಳ್ಳಗಾಗ್ತದಾ? ಇದು ಯಾವ ಜಾದೂ ಸಾಮಿ?"

"ಜಾದೂ ಅಲ್ಲಮ್ಮ. ಇದ್ದಿಲಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕೋಣೆಗಳಿವೆ. ಕೊಳೆ ಆ ಗೋಡೆಗಳಿಗೆ ಅಂಟಿಕೊಳ್ಳುತ್ತೆ. ಸ್ಪಂಜಿನ ಹಾಗೆ ಹೀರುವುದಲ್ಲ, ಅಂಟಿಸಿಕೊಳ್ಳುವುದು. ಬಂಡೆಕಲ್ಲಿಗೆ ಆ ಕೋಣೆಗಳಿಲ್ಲ. ಅದಕ್ಕೇ ಅದು ಭಾರ ತಡೆಯುತ್ತೆ, ಕೊಳೆ ಹಿಡಿಯಲ್ಲ."

"ಇದ್ಲು ಬೆರಳಲ್ಲಿ ಒತ್ತುದ್ರೆ ಪುಡಿ," ಎಂದ ಹನುಮಬೋವಿ. "ಅದ್ಕೆ ಇಷ್ಟು ಗುಣ ಐತೆ ಅಂತ ನಂಗೊತ್ತಿರ್ಲಿಲ್ಲ ಕಣ್ ಬುದ್ದಿ."

ಅವನೇ ನಾಲ್ಕು ಚಪ್ಪಡಿ ತಂದು ಚರಂಡಿಯ ತಲೆಯಲ್ಲಿ ಕಲ್ಲಿನ ತೊಟ್ಟಿ ನಿಲ್ಲಿಸಿದ. ಕೆಳಗೆ ಜಲ್ಲಿ, ಅದರ ಮೇಲೆ ಹೊಳೆಯ ಮರಳು, ಮೇಲೆ ಮೊಳದಷ್ಟು ಇದ್ದಿಲು. ಬೀದಿಯವರು ಸೇರಿ ಬಾವಿಯ ಹಳೆಯ ನೀರನ್ನು ಪೂರ್ತಿ ಸೇದಿ ಚೆಲ್ಲಿದರು. ಅಮಾವಾಸ್ಯೆಗೆ ಇನ್ನೂ ಮೂರು ದಿನ ಇರುವಾಗ ಬಾವಿಯಲ್ಲಿ ಹೊಸ ನೀರು ಊರಿ, ಕೊಡದ ತಳ ಕಾಣುವಷ್ಟು ತಿಳಿಯಾಗಿತ್ತು.

ನಾನು ಸುಬ್ಬಯ್ಯನವರನ್ನು ಕೊಟ್ಟಿಗೆಯಲ್ಲಿ ಕೂರಿಸಿ ಹೇಳಿಕೆ ಬರೆದುಕೊಂಡೆ. ಕೊನೆಯಲ್ಲಿ ಅವರು ಹೇಳಿದ್ದು ಇಷ್ಟು: "ಇದು ಇದ್ದಿಲು ತುಂಬುವ ತನಕ ಮಾತ್ರ. ಅದರ ಕೋಣೆಗಳಲ್ಲಿ ಕೊಳೆ ತುಂಬಿದ ಮೇಲೆ ಬದಲಾಯಿಸಬೇಕು. ಎಷ್ಟು ದಿನಕ್ಕೆ ತುಂಬುತ್ತದೆ ಎಂಬುದನ್ನು ಇನ್ನೂ ನೋಡಬೇಕಾಗಿದೆ."

ಅದನ್ನೂ ಬರೆದುಕೊಂಡೆ. ಆಮೇಲೆ ನಾನು ಇಳಿದುಕೊಂಡಿದ್ದ ಛತ್ರಕ್ಕೆ ಬಂದು ವರದಿ ಸಿದ್ಧ ಮಾಡುವಾಗ ಅಂಕಣಕ್ಕಿಂತ ಮೂರು ಸಾಲು ಹೆಚ್ಚಾಯಿತು. ನೋಡಿದೆ. ಬಾಲ ಕಣ್ಣಿಗೆ ಕಂಡಿತು. ವರದಿಯಿಂದ ತೆಗೆದು, ಟಿಪ್ಪಣಿ ಪುಸ್ತಕದಲ್ಲೂ ಸೀಸದಕಡ್ಡಿಯಿಂದ ಹೊಡೆದುಹಾಕಿದೆ. 'ಬಾವಿಯ ನೀರು ಈಗ ಕನ್ನಡಿಯಂತಿದೆ' ಎಂಬಲ್ಲಿಗೆ ವರದಿ ಮುಗಿಯಿತು. ಒಳ್ಳೆಯ ಮುಕ್ತಾಯ ಎನ್ನಿಸಿತ್ತು.

ಪತ್ರಿಕೆ ಬಂತು. ಸಮಿತಿಯವರು ಓದಿದರು, ಬಾವಿಯನ್ನೂ ಬಗ್ಗಿ ನೋಡಿದರು. ಮುಂದಿನ ಯುಗಾದಿಯವರೆಗೆ ಒಲೆ ಉರಿಸಲು ಹಲೀಮಾಬಿಗೆ ಅಪ್ಪಣೆ ಕೊಟ್ಟರು. ಅವಳು ಪತ್ರಿಕೆಯ ಆ ಪುಟವನ್ನು ಬಾಣಲೆಗಳ ಎದುರಿನ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಬಂದವರಿಂದೆಲ್ಲ ಓದಿಸಿ ಕೇಳುತ್ತಿದ್ದಳು. ಅಪ್ಪಣೆಯ ಧೈರ್ಯದ ಮೇಲೆ ಮಾಗಡಿ ಕಡೆಯಿಂದಲೂ ಕಾನಕಾನಹಳ್ಳಿ ಕಡೆಯಿಂದಲೂ ಆ ಬೇಸಿಗೆಯ ಗೂಡನ್ನೆಲ್ಲ ಒಪ್ಪಿಕೊಂಡಳು. ಗಾಡಿಗಳು ಬಂದು ಅವಳ ಮನೆಯ ಅಟ್ಟ, ನಡುಮನೆ, ಹಿತ್ತಿಲ ಚಪ್ಪರ ಎಲ್ಲ ಹಳದಿ ಗೂಡಿನಿಂದ ತುಂಬಿಹೋಯಿತು.

ನಾನು ಒಂದು ವಾರ ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಮರದ ಬೊಂಬೆಗೆ ಅರಗು ಹಚ್ಚುವವರ ಬಗ್ಗೆ ಒಂದು ಲೇಖನ ಬೇಕಾಗಿತ್ತು. ತಿರುಗಿ ಬಂದ ದಿನ ಮಧ್ಯಾಹ್ನ ಕೆಳಗಿನ ಬೀದಿಯಲ್ಲಿ ನಡೆಯುತ್ತಿದ್ದಾಗ ಪುಟ್ಟಜ್ಜಿ ಹೊಸ್ತಿಲಲ್ಲಿ ಕುಳಿತು ನೀರು ಕುಡಿಯುತ್ತಿದ್ದಳು. ನನ್ನನ್ನು ಕಂಡು ಚೊಂಬನ್ನು ಮುಂದೆ ಚಾಚಿದಳು. ಬಾಯಿಗೆ ತರುವಾಗಲೇ ನಾತ ಹೊಡೆಯಿತು. ನೀರು ಹಳದಿಯಾಗಿತ್ತು.

"ಅಜ್ಜಿ, ನೀರು ನಾರ್ತಾ ಇಲ್ವೇ?"

"ಒಸಿ ನಾರ್ತೈತೆ ಅನ್ನುಸ್ತು. ಆದ್ರೆ ಪೇಪರಲ್ಲಿ ಬಂದೈತಂತಲ್ಲಪ್ಪ, ನೀರು ಕನ್ನಡಿ ಆಗೈತೆ ಅಂತ. ನನ್ ಮೂಗಿಗೇ ವಯಸ್ಸಾತು ಅಂದ್ಕಂಡೆ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಕೇಳಿದೆ. ಕೆಲವರು ಮೇಲಿನ ಬೀದಿಯ ಬಾವಿಗೆ ಹೋಗತೊಡಗಿದ್ದರು. ಉಳಿದವರು ಇದೇ ನೀರನ್ನು ಕುಡಿಯುತ್ತಿದ್ದರು. ಅಚ್ಚಾದದ್ದು ಸುಳ್ಳಿರಲಾರದು ಎಂಬುದು ಅವರ ಎಣಿಕೆ. ಆ ನೀರು ಕುಡಿಯಬೇಡಿ ಎಂದು ಮನೆಮನೆಗೆ ಹೇಳಿ ಕೊಟ್ಟಿಗೆಗೆ ಹೋದೆ.

ಸುಬ್ಬಯ್ಯ ತೊಟ್ಟಿಯ ನೀರನ್ನು ಆಗಲೇ ನೋಡಿದ್ದರು. ನನ್ನ ಮೇಲೆ ಸಿಟ್ಟಾಗಲಿಲ್ಲ. "ಇದ್ದಿಲು ತುಂಬಿದೆ. ನಾನು ನಿಮಗೆ ಹೇಳಿದ್ದೆನಲ್ಲ? ಪತ್ರಿಕೆಯಲ್ಲಿ ಬಂದರೆ ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡಿದ್ದೆ." ಎಂದರು ಅಷ್ಟೆ. ಟಿಪ್ಪಣಿ ಪುಸ್ತಕ ತೆಗೆದೆ. ಮೂರು ಸಾಲೂ ಅಲ್ಲೇ ಇದ್ದವು, ಅವುಗಳ ಮೇಲೆ ನನ್ನ ಸೀಸದಕಡ್ಡಿಯ ಗೆರೆ. ಇದ್ದಿಲು ಬದಲಾಯಿಸಿದರೆ ಆಯಿತಲ್ಲ ಎಂದೆ. ಅಷ್ಟು ಇದ್ದಿಲು ಎಲ್ಲಿಂದ ತರುವುದು ಎಂದು ಅವರು ಕೇಳಿದರು. ಹನುಮಬೋವಿಯ ಬೆಂಕಿಯಲ್ಲಿ ಒಂದು ಬೇಸಿಗೆಯೆಲ್ಲ ಮಿಕ್ಕಿದ್ದನ್ನು ಗುಡ್ಡೆಹಾಕಿದ್ದು ಒಮ್ಮೆ ತೊಟ್ಟಿ ತುಂಬಲು ಸಾಕಾಗಿತ್ತು. ಹೊಸದಾಗಿ ಅಷ್ಟು ಬೇಕೆಂದರೆ ತಿಂಗಳುಗಳು ಹಿಡಿಯುತ್ತವೆ.

ಬರೆಯಬೇಕು ಎಂಬುದು ನನಗೆ ಸ್ಪಷ್ಟವಾಗಿತ್ತು. ಆದರೆ ಮೊದಲು ಹಲೀಮಾಬಿಗೆ ಹೇಳದೆ ಬರೆಯುವುದು ಸರಿಯೆನಿಸಲಿಲ್ಲ. ಹೋದೆ. ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ಹದಿನೈದು ದಿನ ಸುಮ್ಮನಿರಿ. ಗೂಡು ಮುಗಿಸ್ತೀನಿ. ಆಮೇಲೆ ನೀವೇ ಬಂದು ಬೀಗ ಹಾಕಿ."

"ಅಷ್ಟು ದಿನವೂ ಪೇಪರು ನಂಬಿ ಅವರು ಆ ನೀರು ಕುಡಿಯುತ್ತಾರಮ್ಮ. ನಾನು ಹೇಳಿದರೂ ನಂಬದವರು ಇದ್ದಾರೆ."

ಅವಳು ಗೋಡೆಯ ಮೇಲಿನ ಪುಟವನ್ನು ತೋರಿಸಿದಳು. "ಇದನ್ನ ಬರೆದೋರು ಯಾರು? ನಾನಾ? ಸುಬ್ಬಯ್ಯನೋರು ಇದ್ದಿಲು ತುಂಬ್ತದೆ ಅಂತ ನಿಮಗೆ ಹೇಳಿದ್ರಂತೆ. ಅದು ಇದರಲ್ಲಿ ಇದ್ದಿದ್ರೆ ನಾನು ಇಷ್ಟು ಗೂಡು ಒಪ್ಕೋತಿದ್ನಾ? ಒಳ್ಳೇದು ಬರೆಯೋವಾಗ ಅರ್ಧ ಬರೆದ್ರಿ. ಈಗ ಕೆಟ್ಟದ್ದು ಮಾತ್ರ ಪೂರ್ತಿ ಬರೀತೀರಾ?"

"ಪೂರ್ತಿ ಬರೆಯುತ್ತೇನೆ. ತಪ್ಪು ಯಾರದು ಎಂಬುದನ್ನೂ" ಎಂದು ಹೇಳಿ ಬಂದೆ. ಬಾವಿಯ ನೀರು ಮತ್ತೆ ಕೆಟ್ಟಿದೆ, ಕುಡಿಯತಕ್ಕದ್ದಲ್ಲ, ಇದ್ದಿಲು ಬೇಗ ತುಂಬುತ್ತದೆ ಎಂಬ ಪರೀಕ್ಷಕರ ಎಚ್ಚರಿಕೆಯನ್ನು ಹಿಂದಿನ ವರದಿಯಲ್ಲಿ ಈ ಬಾತ್ಮೀದಾರನೇ ಬಿಟ್ಟಿದ್ದಾನೆ, ನೂಲಿನ ಮನೆಯವರಿಗೆ ಅದು ತಿಳಿದಿರಲಿಲ್ಲ ಎಂದು ಬರೆದು ಕಳುಹಿಸಿದೆ. ಸಂಪಾದಕರು ಒಂದು ಅಕ್ಷರವನ್ನೂ ತೆಗೆಯಲಿಲ್ಲ.

ಪತ್ರಿಕೆ ಬಂದ ಮಾರನೆಯ ದಿನ ಇನ್‌ಸ್ಪೆಕ್ಟರು ಬಂದು ನಾಲ್ಕು ಒಲೆಯ ಬಾಯಿಗೂ ಕಾಗದ ಅಂಟಿಸಿ ಅರಗಿನ ಮುದ್ರೆ ಒತ್ತಿದರು. ಅವರದೇನೂ ತಪ್ಪಿರಲಿಲ್ಲ. ಎಂಟು ಜನ ಹೆಂಗಸರೂ ಗೋಡೆಗೆ ಒರಗಿ ನಿಂತು ನೋಡಿದರು.

ರೇಷ್ಮೆಗೂಡು ಕಾಯುವ ವಸ್ತುವಲ್ಲ. ಒಳಗಿನ ಹುಳವನ್ನು ಬಿಸಿಲಿಗೋ ಹಬೆಗೋ ಕೊಟ್ಟು ಸಾಯಿಸದಿದ್ದರೆ ಕೆಲವೇ ದಿನಗಳಲ್ಲಿ ಅದು ಪತಂಗವಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬರುವುದಿಲ್ಲ. ಹಬೆಗೆ ಒಲೆಯಿರಲಿಲ್ಲ. ಬಿಸಿಲಿಗೆ ಇಡೋಣವೆಂದರೆ ಅದೇ ವಾರ ಮುಂಗಾರಿಗೆ ಮುಂಚಿನ ಮೋಡ ಕವಿದುಕೊಂಡಿತು. ನಾಲ್ಕನೆಯ ದಿನ ಹೋದಾಗ ಅವಳ ನಡುಮನೆಯಲ್ಲಿ ಬಿಳಿ ಪತಂಗಗಳು ಗೂಡಿನ ರಾಶಿಯ ಮೇಲೆ ರೆಕ್ಕೆ ಬಡಿಯುತ್ತಾ ಓಡಾಡುತ್ತಿದ್ದವು. ಹೆಂಗಸರು ತೂತು ಬೀಳದ ಗೂಡುಗಳನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ. ಹೋಗು ಎಂದೂ ಹೇಳಲಿಲ್ಲ.

ಅಲ್ಲಿಂದ ನೇರ ಕೊಟ್ಟಿಗೆಗೆ ಹೋದರೆ ಸುಬ್ಬಯ್ಯ ಚಪ್ಪಡಿಯ ಲೆಕ್ಕ ನೋಡಲು ಬಂಡೆಯ ಕಡೆ ಹೊರಟಿದ್ದರು. ಜೊತೆಗೆ ನಡೆದೆ. ಬಂಡೆಯ ಮೇಲೆ ಎಂದಿನಂತೆ ಬೂದಿಯ ಸಾಲು ಹೊಗೆಯಾಡುತ್ತಿತ್ತು. ಆದರೆ ಹೊಗೆಯಲ್ಲಿ ಹುಳದ ನಾತವಿತ್ತು.

"ಇದೇನು ಹನುಮ, ಇಲ್ಲಿಗೂ ಬಂತಲ್ಲ ಈ ವಾಸನೆ?" ಎಂದರು ಸುಬ್ಬಯ್ಯ.

"ನೀವು ತೊಟ್ಟಿಯಿಂದ ತೆಗುದು ಎಸ್ದಿದ್ರಲ್ಲ ಬುದ್ದಿ, ಅದೇ ಇದ್ಲು. ಸೌದೆ ಕಮ್ಮಿ ಐತೆ, ಸುಮ್ಕೆ ಯಾಕೆ ಬಿಸಾಕೋದು ಅಂತ ಒಣಗ್ಸಿ ತಂದೆ. ಕೆಂಡದ ಮೇಲೆ ಹರಡಿ ಬೂದಿ ಮುಚ್ಚೀನಿ. ಮೊದ್ಲು ನಾತ ಹೊಡಿತೈತೆ. ಆಮೇಲೆ ಒಂಟೋಯ್ತದೆ."

"ಏನು ಹೊರಟುಹೋಗುತ್ತೆ?"

"ನಾತ. ನಿನ್ನೇದು ನೋಡಿ, ಅಲ್ಲಿ ಗುಡ್ಡೆ ಹಾಕೀನಿ. ಹೊಸಾ ಇದ್ಲಂಗೇ ಐತೆ."

ಸುಬ್ಬಯ್ಯ ಕೈಯಲ್ಲಿದ್ದ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಗುಡ್ಡೆಯ ಬಳಿ ಮಂಡಿಯೂರಿ ಕುಳಿತರು. ಒಂದು ತುಂಡು ಮುರಿದು ಮೂಸಿದರು. ಉರಿದು ಬೂದಿಯಾಗಿರಲಿಲ್ಲ. ಬೂದಿಯ ಹೊದಿಕೆಯಡಿ ಗಾಳಿ ಸಾಲದೆ, ಇದ್ದಿಲು ಸುಡದೆ ಕಾದಿತ್ತು ಅಷ್ಟೆ. ಕಾದಾಗ ಗೋಡೆಗಳಿಗೆ ಅಂಟಿದ್ದ ಕೊಳೆ ಹೊಗೆಯಾಗಿ ಹೋಗಿತ್ತು. ಅವರು ಶಲ್ಯವನ್ನು ಹಾಸಿ ಒಂದು ಮಡಿಲು ಇದ್ದಿಲು ಕಟ್ಟಿಕೊಂಡರು. ಅವರು ಕಲ್ಲಿನ ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟು ಓಡುವಂತೆ ನಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದೇ ಜಗಲಿ, ಅದೇ ಗಾಜಿನ ಲೋಟ. ಬಾಣಲೆಯಲ್ಲಿ ಉಳಿದಿದ್ದ ಹಳೆಯ ನೀರು ಸುರಿದು, ಇದ್ದಿಲು ಕಲಕಿ ಸೋಸಿದರು. ಬಣ್ಣ ಹೋಯಿತು. ಹಲೀಮಾಬಿ ಈ ಸಲ ಲೋಟ ಎತ್ತಲಿಲ್ಲ.

"ಎಷ್ಟು ದಿನಕ್ಕೆ?" ಎಂದಳು.

ಸುಬ್ಬಯ್ಯನವರು ನನ್ನ ಮುಖ ನೋಡಿ, "ಅದನ್ನೇ ಮೊದಲು ನೋಡೋಣ" ಎಂದರು.

ಸಮಿತಿಯವರನ್ನು ಒಪ್ಪಿಸಿ ಒಂದೇ ಒಂದು ಒಲೆಯ ಮುದ್ರೆ ತೆಗೆಸಲು ಎರಡು ದಿನ ಹಿಡಿಯಿತು. ಉಳಿದಿದ್ದ ಒಳ್ಳೆಯ ಗೂಡನ್ನೆಲ್ಲ ಆ ಒಂದು ಒಲೆಯ ಹಬೆಗೆ ಕೊಟ್ಟರು. ರಾಶಿಯ ಹೆಚ್ಚುಕಡಿಮೆ ಅರ್ಧ ಆಗಲೇ ಪತಂಗಗಳ ಪಾಲಾಗಿತ್ತು. ಹನುಮಬೋವಿ ತೊಟ್ಟಿಯ ಇದ್ದಿಲನ್ನು ಬಂಡೆಗೆ ಒಯ್ಯುವುದು, ಚಪ್ಪಡಿ ಎಬ್ಬಿಸುತ್ತಲೇ ಅದನ್ನು ಕಾಯಿಸುವುದು, ತಿರುಗಿ ತಂದು ತೊಟ್ಟಿಗೆ ಹಾಕುವುದು ಎಂದಾಯಿತು. ಕಲ್ಲಿಗೆ ಬೇಕಾದ ಮೆಲ್ಲಗಿನ ಕಾವೇ ಇದ್ದಿಲಿಗೂ ಬೇಕಾಗಿತ್ತು. ನಾನು ದಿನಕ್ಕೆ ಎರಡು ಸಲ ತೊಟ್ಟಿಯಿಂದ ಇಳಿಯುವ ನೀರನ್ನು ಲೋಟದಲ್ಲಿ ಹಿಡಿದು ನೋಡಿ ಬರೆದಿಡುತ್ತಿದ್ದೆ. ಒಂದು ಒಲೆಯ ಮೇಲೆ ಎಷ್ಟು ದಿನ, ಎರಡರ ಮೇಲೆ ಎಷ್ಟು, ಮಳೆ ಬಿದ್ದ ದಿನ ಏನಾಯಿತು. ತೊಟ್ಟಿಯ ನೀರು ತಿಳಿಯಾಗಿಯೇ ಇಳಿಯುವುದನ್ನು ನೋಡಿ ಸಮಿತಿಯವರು ಉಳಿದ ಒಲೆಗಳ ಮುದ್ರೆಯನ್ನೂ ಒಂದೊಂದಾಗಿ ತೆಗೆಸಿದರು. ನಾಲ್ಕೂ ಒಲೆ ಉರಿದಾಗ ಹನ್ನೆರಡನೆಯ ದಿನ ನೀರು ಹಳದಿಗೆ ತಿರುಗಿತು. ಹತ್ತು ದಿನಕ್ಕೊಮ್ಮೆ ಇದ್ದಿಲು ಬದಲಾಯಿಸಬೇಕು ಎಂದು ಸುಬ್ಬಯ್ಯ ತೀರ್ಮಾನ ಮಾಡಿದರು.

ಮೂರನೆಯ ವರದಿ ಬಹಳ ಉದ್ದವಾಯಿತು. ಯಾರು ಕಾಯಿಸಬೇಕು, ಹೇಗೆ ಬೂದಿ ಮುಚ್ಚಬೇಕು, ಹತ್ತನೆಯ ದಿನ ತಪ್ಪಿದರೆ ಏನಾಗುತ್ತದೆ, ಎಷ್ಟು ಸಲ ಕಾಯಿಸಿದ ಮೇಲೆ ಇದ್ದಿಲೇ ಪುಡಿಯಾಗುತ್ತದೆ ಎಂಬುದು ಇನ್ನೂ ಗೊತ್ತಿಲ್ಲ, ಎಲ್ಲ ಬರೆದೆ. ಸಂಪಾದಕರಿಂದ ಒಂದು ಸಾಲಿನ ಕಾಗದ ಬಂತು: ನಾಯಿಗಿಂತ ಬಾಲ ಉದ್ದವಾಗಿದೆ. ಒಂದು ಸಾಲೂ ತೆಗೆಯಬೇಡಿರೆಂದು ತಿರುಗಿ ಬರೆದೆ. ಹಿಂದಿನ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಹಾಕಿದರು. ಪೂರ್ತಿ ಹಾಕಿದರು.

ಪತ್ರಿಕೆ ತೆಗೆದುಕೊಂಡು ಹಲೀಮಾಬಿಯ ಮನೆಗೆ ಹೋದಾಗ ಮಳೆ ಹಿಡಿದಿತ್ತು. ನಾಲ್ಕೂ ಬಾಣಲೆ ಹಬೆಯಾಡುತ್ತಿದ್ದವು. ಅವಳು ನನ್ನನ್ನು ಕೂರಿಸಿ, ಮೊದಲಿನಿಂದ ಕೊನೆಯವರೆಗೆ ಓದಿಸಿದಳು. ಹತ್ತು ದಿನದ ಸಾಲು ಬಂದಾಗ ಕೈಯೆತ್ತಿ ನಿಲ್ಲಿಸಿ, ಇನ್ನೊಮ್ಮೆ ಓದಿಸಿದಳು. ಬಾಣಲೆಗಳ ಮುಂದಿದ್ದ ಹೆಂಗಸರಿಗೂ ಕೇಳುವಂತೆ ಮೂರನೆಯ ಸಲ. ಆಮೇಲೆ ಎದ್ದು ಹೋಗಿ ಗೋಡೆಯ ಮೇಲಿದ್ದ ಮೊದಲ ಪುಟವನ್ನು ಕಿತ್ತು, ಮಡಚಿ, ಮಂಕಾಗಿದ್ದ ನಾಲ್ಕನೆಯ ಒಲೆಯೊಳಗೆ ತುರುಕಿದಳು.

"ಇದಕ್ಕಾದ್ರೂ ಆಯ್ತು," ಎಂದಳು.

ಉರಿ ಎದ್ದಿತು. ಹೊಸ ಪುಟವನ್ನು ಅದೇ ಮೊಳೆಗೆ ಚುಚ್ಚಿದಳು. ಕಳೆದುಹೋದ ಗೂಡಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ವಾರದಲ್ಲೇ ಸುಬ್ಬಯ್ಯ ಯಂತ್ರ ಬಿಚ್ಚಿಸಿ ರೈಲಿಗೆ ಹಾಕಿಸಿದರು. ಅವರ ಪುಸ್ತಕದ 'ಹನುಮನ ಮಾತು' ಕಲಮು ಯಂತ್ರದ ಅಂಕಿಯೊಂದಿಗೆ ಎರಡೇ ಕಡೆ ಬೇರೆಯಾಗಿತ್ತು. ಆ ಎರಡರಲ್ಲೂ ಯಂತ್ರವೇ ತಪ್ಪಿರಬಹುದು ಎಂದು ಅವರು ಹೇಳಿದರು. ಅದನ್ನು ನಾನು ಎಲ್ಲೂ ಬರೆದಿರಲಿಲ್ಲ. ಈಗ ಬರೆದಿದ್ದೇನೆ.

ಹೋದ ತಿಂಗಳು ರೈಲಿನಿಂದ ಇಳಿದವನು ಕೆಳಗಿನ ಬೀದಿಯನ್ನು ಹುಡುಕಿಕೊಂಡು ಹೋದೆ. ಮನೆಗೆ ಹೆಂಚು ಬಂದಿದೆ. ಬಾಣಲೆ ಹೆಚ್ಚಾಗಿವೆ. ಚರಂಡಿಯ ತಲೆಯಲ್ಲಿ ಹನುಮಬೋವಿ ನಿಲ್ಲಿಸಿದ ನಾಲ್ಕು ಚಪ್ಪಡಿಯ ತೊಟ್ಟಿ ಹಾಗೇ ಇದೆ. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು, ಒಂದರ ಇದ್ದಿಲು ತೆಗೆದಾಗ ನೀರು ತಿರುಗಿಸಲು. ಹಲೀಮಾಬಿಯ ಮೊಮ್ಮಗಳು, ಮೂವತ್ತರ ಆಸುಪಾಸಿನ ಹೆಂಗಸು, ಸಲಿಕೆಯಿಂದ ತೊಟ್ಟಿಯ ಇದ್ದಿಲು ತೆಗೆದು ಬುಟ್ಟಿಗೆ ತುಂಬಿಸುತ್ತಿದ್ದಳು. ನಾನು ಯಾರೆಂದು ಹೇಳಲಿಲ್ಲ. ಬಂಡೆಯ ಮೇಲೆ ಈಗ ಮದ್ದು ಸಿಡಿಸುತ್ತಾರೆ, ಇದ್ದಿಲನ್ನು ಎಲ್ಲಿ ಕಾಯಿಸುತ್ತೀರಿ ಎಂದು ಕೇಳಿದೆ.

"ನಮ್ಮ ಒಲೆ ಬೂದಿಯಲ್ಲೇ ಮುಚ್ಚಿಡ್ತೀವಿ. ಆರು ದಿನಕ್ಕೊಂದ್ಸಲ."

"ಹತ್ತು ದಿನ ಅಲ್ಲವೇ?"

ಅವಳು ಸಲಿಕೆ ನಿಲ್ಲಿಸಿ ನೋಡಿದಳು. "ಹತ್ತು ದಿನ ನಾಲ್ಕು ಒಲೆಗೆ. ಪೇಪರಲ್ಲಿ ಹಂಗೆ ಇತ್ತಂತೆ. ಈಗ ಒಲೆ ಏಳಾಗವೆ. ನಮ್ಮ ದಾದಿ, ಅಜ್ಜಿನೇ ಲೆಕ್ಕ ಹಾಕಿ ಹೇಳಿಹೋದ್ರು. ನಿಮಗೆ ಹೇಗೆ ಗೊತ್ತು?"

"ನಾನೂ ಓದಿದ್ದೆ," ಎಂದೆ.

ಬಿಸಿಲು ಹೆಚ್ಚಿತ್ತು. ಅವಳು ಬಾವಿಯಿಂದ ಸೇದಿ ಒಂದು ಲೋಟ ನೀರು ತಂದುಕೊಟ್ಟಳು. ತೆಗೆದುಕೊಂಡು, ಕುಡಿಯುವ ಮೊದಲು ಬೆಳಕಿಗೆ ಹಿಡಿದು ನೋಡಿದೆ. ಮೂಸಿದೆ. ಮಾಡಿದ ಮೇಲೆ, ಅವಳು ಬೇಜಾರು ಮಾಡಿಕೊಂಡಾಳೇನೋ ಎಂದು ಮುಖ ನೋಡಿದೆ.

"ಪರವಾಗಿಲ್ಲ, ಮೂಸಿಯೇ ಕುಡೀರಿ," ಎಂದಳು. "ನಮ್ಮನೇಲಿ ಎಲ್ಲರೂ ಹಂಗೇ ಕುಡಿಯೋದು."